ಗಾಳಕ್ಕೆ ಯಾವ ಎರೆ?

ಕನ್ನಡದಲ್ಲಿ ‘ಎರೆ’ ಎಂಬ ಪುಟ್ಟ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಹುನಗುಂದ, ಬಾದಾಮಿ ಸೀಮೆಯ ರೈತನಿಗೆ ಎರೆಯೆಂದರೆ ಜೋಳ, ಕಡಲೆ ಬೆಳೆಯುವ ಕಪ್ಪು ನೆಲ. ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನಿಗೆ ಎರೆಯೆಂದರೆ ಮೀನಿಗೆ ಒಡ್ಡುವ ತುತ್ತು. ಮಣ್ಣನ್ನು ಹದಗೊಳಿಸುವ ಎರೆಹುಳುವೇ ಗಾಳದ ತುದಿಗೂ ಏರುತ್ತಿದ್ದ ಕಾಲದಲ್ಲಿ ಈ ಎರಡು ಅರ್ಥಗಳ ನಡುವೆ ಜಗಳವಿರಲಿಲ್ಲ. ಮೀನು ತಿಂದರೆ ಅದಕ್ಕೆ ಆಹಾರ, ತಿನ್ನದೆ ಬಿಟ್ಟರೆ ಹೊಳೆಗೆ ಗೊಬ್ಬರ. ಈಗ ಗಾಳದ ತುದಿಗೆ ಮೂರನೆಯದೊಂದು ಎರೆ ಬಂದಿದೆ. ಅದು ಮಣ್ಣಿನದಲ್ಲ, ಆಹಾರವೂ ಅಲ್ಲ. ಹುಳುವಿನಂತೆ ಬಳುಕುವ, ಕಪ್ಪೆಯಂತೆ ಕಾಲಾಡಿಸುವ ಮೃದುವಾದ ಪ್ಲಾಸ್ಟಿಕ್. ಅಂಗಡಿಯಲ್ಲಿ ಕೊಳ್ಳುವುದಷ್ಟೇ ಅಲ್ಲ, ಇದನ್ನು ಮನೆಯಲ್ಲಿಯೇ ಕಾಯಿಸಿ ಅಚ್ಚಿಗೆ ಹೊಯ್ಯುವ ಹವ್ಯಾಸವೂ ಹಬ್ಬುತ್ತಿದೆ. ಈ ಹವ್ಯಾಸ ಹೊಳೆಗೆ ಏನು ಮಾಡುತ್ತದೆ ಎಂಬುದನ್ನು ಚರ್ಚಿಸಲು ಕೂಡಲಸಂಗಮಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲ.

ಕೂಡಲಸಂಗಮವು ಬಯಲುಸೀಮೆಯ ಊರು. ಆದರೆ ಅಲ್ಲಿ ಕೂಡುವ ನೀರೆಲ್ಲ ಘಟ್ಟದ ನೀರು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ನವಿಲುತೀರ್ಥ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ, ಸುಮಾರು 304 ಕಿಲೋಮೀಟರ್ ಹರಿದು ಇಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಮಹಾಬಳೇಶ್ವರದಿಂದ ಬರುತ್ತಾಳೆ. ಮಲೆನಾಡಿನ ಒಂದು ಹಳ್ಳದಲ್ಲಿ ಬಿದ್ದ ವಸ್ತುವಿಗೆ ಈ ಸಂಗಮವು ದೂರದ ಊರಲ್ಲ. ಒಂದು ದೊಡ್ಡ ಮಳೆಯಷ್ಟೇ ದೂರ. 2009ರ ಹಾಗೂ 2019ರ ನೆರೆಗಳಲ್ಲಿ ಮಲಪ್ರಭೆಯು ದಂಡೆ ಮೀರಿ ಹರಿದದ್ದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಂದ ನೀರು ಸಂಗಮದಲ್ಲಿ ಈಗ ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. 1982ರಲ್ಲಿ ನಾರಾಯಣಪುರದ ಬಳಿ ಬಸವಸಾಗರ ಅಣೆಕಟ್ಟು ಪೂರ್ಣಗೊಂಡ ಬಳಿಕ ಅದರ ಹಿನ್ನೀರು ಇಲ್ಲಿಯವರೆಗೂ ಚಾಚಿಕೊಂಡಿತು. ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿಕೊಳ್ಳಲು ಅದರ ಸುತ್ತ ಬಾವಿಯಂತೆ ಗೋಡೆಯನ್ನೆಬ್ಬಿಸಿ, ಮೆಟ್ಟಿಲಿಳಿದು ಹೋಗುವಂತೆ ಮಾಡಬೇಕಾಯಿತು. ಹರಿಯುವ ನೀರು ಕಸವನ್ನು ಮುಂದಕ್ಕೆ ದಾಟಿಸುತ್ತದೆ. ನಿಂತ ನೀರು ಅದನ್ನು ತಳದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಂಟಪಕ್ಕೆ ಗೋಡೆ ಕಟ್ಟಬಹುದು, ಮೀನಿಗೆ ಕಟ್ಟಲಾಗದು.

ಪ್ಲಾಸ್ಟಿಕ್ ಹುಳುವಿನ ಕಥೆಯೂ ಮನೆಯೊಳಗೇ ಆರಂಭವಾದದ್ದು. ಅಮೆರಿಕದ ಒಹಾಯೊ ರಾಜ್ಯದ ಆ್ಯಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬ ಗಾಳದ ಹವ್ಯಾಸಿಯು 1949ರಲ್ಲಿ ಹೆಂಡತಿಯೊಡನೆ ಕೂಡಿ ಇಂತಹ ಹುಳುವನ್ನು ಮನೆಯಲ್ಲಿಯೇ ಎರಕ ಹೊಯ್ದ. ಕೆಲವೇ ವರ್ಷಗಳಲ್ಲಿ ಅದು ದೊಡ್ಡ ಉದ್ಯಮವಾಯಿತು. ಇಂದು ಭಾರತದ ಪಟ್ಟಣಗಳಲ್ಲಿಯೂ ರೀಲು ಕೋಲಿನ ಜೊತೆಗೆ ಈ ಎರೆಗಳು ಮಾರಾಟಕ್ಕಿವೆ. ನಾಲ್ಕಾರು ಹುಳುಗಳಿರುವ ಆಮದು ಪೊಟ್ಟಣಕ್ಕೆ ನೂರಾರು ರೂಪಾಯಿ ಬೆಲೆ. ಕಲ್ಲಿನ ಸಂದಿಗೋ ಮುಳುಗಿದ ಜಾಲಿಯ ಮುಳ್ಳಿಗೋ ಸಿಕ್ಕು ಹರಿದರೆ ಆ ಹಣ ಅಲ್ಲಿಗೇ ಮುಗಿಯಿತು. ಆದುದರಿಂದ ಕೈಚಳಕವುಳ್ಳ ತರುಣನಿಗೆ ಇದನ್ನು ತಾನೇ ಮಾಡಿಕೊಂಡರೆ ಹೇಗೆ ಎಂದು ತೋರುವುದು ಸಹಜ.

ಈ ಹಂಬಲವನ್ನು ಹೀಗಳೆಯಬಾರದು. ಕೊಳ್ಳುವ ಬದಲು ಮಾಡುವುದು, ಮೀನಿನ ನಡೆಯನ್ನು ದಿನಗಟ್ಟಲೆ ಗಮನಿಸಿ ಅದಕ್ಕೊಪ್ಪುವ ಆಕಾರವನ್ನು ಕೈಯಲ್ಲಿ ಮೂಡಿಸುವುದು ಒಳ್ಳೆಯ ಗುಣ. ಕಾಯಕಕ್ಕೆ ಮರ್ಯಾದೆ ತಂದುಕೊಟ್ಟ, ಅಂಬಿಗರ ಚೌಡಯ್ಯನಂತಹ ದೋಣಿ ನಡೆಸುವವನನ್ನೂ ವಚನಕಾರನನ್ನಾಗಿ ಕಂಡ ಪರಂಪರೆಯ ನೆಲದಲ್ಲಿ ಕೈಕೆಲಸವನ್ನು ತಪ್ಪೆನ್ನುವಂತಿಲ್ಲ. ಕೈ ಯಾವ ವಸ್ತುವನ್ನು ಹಿಡಿದಿದೆ, ಕೆಲಸ ಮುಗಿದ ಮೇಲೆ ಆ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮನೆಯ ಎರಕಕ್ಕೆ ಬಳಸುವುದು ಪ್ಲಾಸ್ಟಿಸಾಲ್ ಎಂಬ ಹಾಲಿನಂತಹ ದ್ರವ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿಯನ್ನು ಮೆದುಕಾರಿ ಎಣ್ಣೆಯಲ್ಲಿ ಕದಡಿದಾಗ ಇದು ಸಿದ್ಧವಾಗುತ್ತದೆ. ನೀರಿನ ಕೊಳವೆಯ ಗಡಸು ಪಿವಿಸಿಯನ್ನು ರಬ್ಬರಿನಂತೆ ಬಳುಕಿಸುವುದು ಈ ಎಣ್ಣೆಯೇ. ದ್ರವವನ್ನು ಸುಮಾರು 165ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದು ಮೊದಲು ಗಟ್ಟಿಯಾಗಿ, ಬಳಿಕ ತಿಳಿಯಾಗಿ ಕರಗುತ್ತದೆ. ಆಗ ಬಣ್ಣ, ಮಿನುಗುಪುಡಿ ಬೆರೆಸಿ ಪ್ಲಾಸ್ಟರ್, ಸಿಲಿಕೋನ್ ಅಥವಾ ಅಲ್ಯುಮಿನಿಯಂ ಅಚ್ಚಿಗೆ ಹೊಯ್ಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಹುಳು ಸಿದ್ಧ.

ಇಷ್ಟು ಸರಳವಾಗಿರುವುದರಲ್ಲೇ ಅಪಾಯವಿದೆ. ಈ ಶಾಖವು ಮಿರ್ಚಿ ಭಜಿ ಕರಿಯುವ ಎಣ್ಣೆಯ ಶಾಖದಷ್ಟೇ ಇರುವುದರಿಂದ ಅಡುಗೆಮನೆಯ ಒಲೆಯೇ ಸಾಕೆಂದು ಹುಡುಗರು ತಿಳಿಯುತ್ತಾರೆ. ಆದರೆ ಬಿಸಿ ಎಣ್ಣೆ ಮೈಮೇಲೆ ಬಿದ್ದರೆ ಜಾರಿ ಇಳಿಯುತ್ತದೆ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಪ್ಲಾಸ್ಟರ್ ಅಚ್ಚು ಪೂರ್ತಿ ಒಣಗಿರದಿದ್ದರೆ ಒಳಗಿನ ತೇವವು ಕ್ಷಣದಲ್ಲಿ ಆವಿಯಾಗಿ ಎರಕವನ್ನು ಮುಖಕ್ಕೆ ಸಿಡಿಸುತ್ತದೆ. ಶಾಖಮಾಪಕವಿಲ್ಲದೆ ಕಾಯಿಸಿ 200 ಡಿಗ್ರಿ ದಾಟಿಸಿದರೆ ದ್ರವವು ಹಳದಿಯಾಗಿ, ಕಂದಾಗಿ, ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲವನ್ನು ಉಗುಳತೊಡಗುತ್ತದೆ. ಅದು ಕಣ್ಣು, ಮೂಗು, ಗಂಟಲಿನ ತೇವದೊಡನೆ ಕೂಡಿ ಆಮ್ಲವಾಗುತ್ತದೆ. ಪ್ಲಾಸ್ಟಿಸಾಲ್ ಸಿಗದೆ ಹಳೆಯ ಚಪ್ಪಲಿ, ರೆಕ್ಸಿನ್ ಚೂರು, ವೈರಿನ ಹೊದಿಕೆಗಳನ್ನು ಕರಗಿಸಹೊರಟರೆ ಅಪಾಯ ಇನ್ನೂ ಹೆಚ್ಚು. ಅವುಗಳೊಳಗೆ ಏನೇನು ಬೆರೆತಿದೆ ಎಂಬುದೇ ಕರಗಿಸುವವನಿಗೆ ಗೊತ್ತಿರುವುದಿಲ್ಲ. ಮಗು ಆಡುವ, ತಾಯಿ ರೊಟ್ಟಿ ಬಡಿಯುವ ಕೋಣೆಯಲ್ಲಿ ನಡೆಯಬಾರದ ಕೆಲಸವಿದು.

ಮನೆಯಿಂದ ಹೊರಬಿದ್ದ ಹುಳು ಹೊಳೆಯಲ್ಲಿ ಏನಾಗುತ್ತದೆ? ಅದರ ತೂಕದ ದೊಡ್ಡ ಪಾಲು ಮೆದುಕಾರಿ ಎಣ್ಣೆಯೇ. ಈ ಎಣ್ಣೆಯು ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ; ಅದರೊಳಗೆ ನೆನೆದುಕೊಂಡಿರುತ್ತದೆ ಅಷ್ಟೆ. ಆದುದರಿಂದ ಮೆಲ್ಲನೆ ಹೊರಕ್ಕೆ ಒಸರುತ್ತದೆ. ಇದಕ್ಕೆ ಪ್ರಯೋಗಾಲಯದ ಸಾಕ್ಷಿಯೇ ಬೇಕೆಂದಿಲ್ಲ. ಇಂತಹ ಹುಳುಗಳನ್ನು ಕೆಲವು ಬಗೆಯ ಗಡಸು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿಯ ತಳವೇ ಮೆತ್ತಗಾಗಿ ಅಂಟುವುದನ್ನು ಗಾಳದ ಹವ್ಯಾಸಿಗಳೆಲ್ಲ ಕಂಡಿದ್ದಾರೆ. ಮೆದುಕಾರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು ಥ್ಯಾಲೇಟುಗಳು. ಅವುಗಳಲ್ಲಿ ಕೆಲವು ಪ್ರಾಣಿಗಳ ಸಂತಾನಶಕ್ತಿಗೆ ಹಾನಿ ಮಾಡುತ್ತವೆಂದು ತಿಳಿದ ಮೇಲೆ ಯುರೋಪು 2005ರಲ್ಲಿ, ಅಮೆರಿಕ 2008ರಲ್ಲಿ ಮಕ್ಕಳ ಆಟಿಕೆಗಳಲ್ಲಿ ಅವುಗಳ ಬಳಕೆಯನ್ನು ಕಾನೂನಿನಿಂದ ನಿರ್ಬಂಧಿಸಿದವು. ಭಾರತದಲ್ಲಿಯೂ 2021ರ ಜನವರಿ 1ರಿಂದ ಕಡ್ಡಾಯವಾದ ಆಟಿಕೆಗಳ ಗುಣಮಟ್ಟ ಆದೇಶದಲ್ಲಿ ಥ್ಯಾಲೇಟುಗಳ ಮಿತಿ ಸೇರಿದೆ. ಥ್ಯಾಲೇಟ್ ರಹಿತ ಪ್ಲಾಸ್ಟಿಸಾಲ್ ಈಗ ದೊರೆಯುತ್ತದೆ, ನಿಜ. ಆದರೆ ಗುರುತಿನ ಚೀಟಿಯಿಲ್ಲದ ಡಬ್ಬಿಯಲ್ಲಿ ಏನಿದೆಯೆಂದು ಕೊಳ್ಳುವವನಿಗೆ ಹೇಳುವವರಿಲ್ಲ. ಮಗುವಿನ ಬಾಯಿಗೆ ಸಲ್ಲದು ಎಂದು ತೀರ್ಮಾನವಾದ ವಸ್ತುವನ್ನು ಮೀನಿನ ಬಾಯಿಗೆ ಒಡ್ಡಿ, ಆ ಮೀನನ್ನು ಮತ್ತೆ ಮಗುವಿನ ತಟ್ಟೆಗೆ ಬಡಿಸುವುದು ಯಾವ ವಿವೇಕ?

ಮೀನು ಈ ಹುಳುವನ್ನು ಗಾಳದಲ್ಲಿದ್ದಾಗ ಮಾತ್ರ ನುಂಗುತ್ತದೆ ಎಂದೇನಿಲ್ಲ. ಅಮೆರಿಕದಲ್ಲಿ ಬ್ರೂಕ್ ಟ್ರೌಟ್ ಮೀನುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತೊಟ್ಟಿಗೆ ಹಾಕಿದ ಮೃದು ಎರೆಗಳನ್ನು ಮೀನುಗಳು ತಾವಾಗಿಯೇ ನುಂಗಿದವು. ನುಂಗಿದ್ದು ವಾರಗಟ್ಟಲೆ ಹೊಟ್ಟೆಯಲ್ಲೇ ಉಳಿಯಿತು, ಮೀನುಗಳು ಸೊರಗಿದವು. 2013ರಲ್ಲಿ ಅಲ್ಲಿನ ಮೇಯ್ನ್ ರಾಜ್ಯದ ಶಾಸನಸಭೆಯ ಮುಂದೆ ರಬ್ಬರ್ ಎರೆಗಳ ನಿಷೇಧದ ಮಸೂದೆಯೂ ಬಂದಿತು. ನಿಷೇಧ ಜಾರಿಯಾಗಲಿಲ್ಲವಾದರೂ, ಹರಿದ ಎರೆಯನ್ನು ನೀರಿಗೆಸೆಯಬಾರದೆಂಬ ಅರಿವು ಗಾಳದವರಲ್ಲೇ ಮೂಡಲು ಆ ಚರ್ಚೆ ನೆರವಾಯಿತು. ಇಲ್ಲಿ ಅಂತಹ ಚರ್ಚೆ ಇನ್ನೂ ಆರಂಭವಾಗಿಲ್ಲ. 2016ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧವಾಗಲಿ, 2022ರ ಜುಲೈ 1ರಿಂದ ಜಾರಿಯಾದ ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧವಾಗಲಿ ಕೈಚೀಲ, ತಟ್ಟೆ, ಲೋಟಗಳನ್ನು ಹೆಸರಿಸಿದವೇ ಹೊರತು ಗಾಳದ ಎರೆಯನ್ನಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿತೀರದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟವನ್ನು ತಡೆಯುವಂತೆ ಸೂಚಿಸಿದರು. ಸೋಪಿನ ನೊರೆ ಕಣ್ಣಿಗೆ ಕಾಣುತ್ತದೆ. ತಳಕ್ಕಿಳಿದ ಹುಳು ಕಾಣುವುದಿಲ್ಲ.

ಇದಕ್ಕೆ ಎದುರಾಗುವ ವಾದಗಳನ್ನೂ ನ್ಯಾಯವಾಗಿ ಕೇಳಬೇಕು. ಹೊಳೆಯಲ್ಲಿ ಕೊಳೆಯದೆ ಬಿದ್ದಿರುವ ನೈಲಾನ್ ಬಲೆಗಳ ಮುಂದೆ, ಪಟ್ಟಣಗಳಿಂದ ಬರುವ ಕೊಳಚೆಯ ಮುಂದೆ ಈ ಹುಳು ಎಷ್ಟರದು ಎಂಬುದು ಮೊದಲನೆಯದು. ಮಾತು ನಿಜ, ಹುಳುವೇ ನದಿಯ ದೊಡ್ಡ ಶತ್ರುವಲ್ಲ. ಆದರೆ ಬಲೆಯು ಬಡ ಮೀನುಗಾರನ ಅನ್ನದ ಸಾಧನ. ಹರಿದರೆ ಅವನು ಕೂತು ಹೆಣೆಯುತ್ತಾನೆ. ಹುಳುವಾದರೋ ವಿರಾಮದ ಸಾಧನ, ಹರಿದರೆ ಎಸೆಯಲ್ಪಡುತ್ತದೆ. ಹತ್ತು ಗ್ರಾಂ ತೂಗುವ ನೂರು ಹುಳುಗಳೆಂದರೆ ಒಂದು ಕಿಲೋ. ಅನ್ನಕ್ಕಾಗಿ ಆಗುವ ಹಾನಿಯನ್ನು ಮುಂದಿಟ್ಟು ಆಟಕ್ಕಾಗಿ ಆಗುವ ಹಾನಿಯನ್ನು ಸಮರ್ಥಿಸಲಾಗದು.

ಎರಡನೆಯ ವಾದಕ್ಕೆ ಹೆಚ್ಚಿನ ತೂಕವಿದೆ. ಕೊರವ ಮೀನನ್ನು ಹಿಡಿಯಲು ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ರೂಢಿಯಿದೆ. ಕಪ್ಪೆಯು ಗದ್ದೆಯ ಕೀಟಗಳನ್ನು ತಿನ್ನುವ ರೈತಮಿತ್ರ. ಭಾರತವು ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿದ್ದು 1987ರಲ್ಲಿ. ಪ್ಲಾಸ್ಟಿಕ್ ಕಪ್ಪೆಯಿಂದ ನಿಜವಾದ ಕಪ್ಪೆ ಉಳಿಯುತ್ತದೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಇನ್ನೊಂದು ಸಂಗತಿಯಿದೆ. ಕೊರವವು ತನ್ನ ಮರಿಗಳ ಹಿಂಡನ್ನು ಕಾಯುವ ಮೀನು. ಆ ದಿನಗಳಲ್ಲಿ ಅದು ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ಸಿಟ್ಟಿನಿಂದ ಹುಸಿ ಕಪ್ಪೆಯ ಮೇಲೆರಗುತ್ತದೆ. ಕಾವಲಿನ ಮೀನು ದಡ ಸೇರಿದರೆ ಕಾವಲಿಲ್ಲದ ಮರಿಗಳು ಇತರ ಮೀನುಗಳ ಪಾಲು. ಎರೆ ಯಾವುದೇ ಇರಲಿ, ಮಳೆಗಾಲದಲ್ಲಿ ಮರಿಹಿಂಡು ಕಂಡಲ್ಲಿ ಗಾಳ ಎಸೆಯಬಾರದು ಎಂಬುದು ಮೊದಲ ನಿಯಮವಾಗಬೇಕು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಕಾದುಕೊಂಡು ಬಂದ ಮಲೆನಾಡಿಗರಿಗೆ ಈ ಸಂಯಮ ಹೊಸದಲ್ಲ.

ಹಾಗಾದರೆ ಕೈಕೆಲಸದ ಹುಮ್ಮಸ್ಸುಳ್ಳ ತರುಣರು ಮಾಡಬೇಕಾದುದೇನು? ಜೋಳ ಅಥವಾ ಗೋಧಿಯ ಹಿಟ್ಟಿನ ಕಣಕಕ್ಕೆ ಹತ್ತಿಯ ಎಳೆಗಳನ್ನು ಬೆರೆಸಿ ನಾದಿದರೆ ಉಂಡೆಯು ನೀರಿನಲ್ಲಿ ಬೇಗ ಬಿಡದೆ ಗಾಳಕ್ಕೆ ಕಚ್ಚಿ ನಿಲ್ಲುತ್ತದೆ. ಕಟ್ಲಾ, ರೋಹು, ಗೆಂಡೆ ಮೀನುಗಳಿಗೆ ಇದೇ ಸಾಕು. ಬೇಟೆಯಾಡುವ ಮೀನಿಗೆ ಚಲಿಸುವ ಎರೆಯೇ ಬೇಕೆಂದರೆ ಕೋಳಿಯ ಗರಿ, ಹಗುರ ಮರದ ತುಂಡು, ಬಟ್ಟೆಯ ಪಟ್ಟಿಗಳಿವೆ. ಇಳಕಲ್ಲಿನ ಮಗ್ಗಗಳ ಬಳಿ ಉಳಿಯುವ ಹತ್ತಿ, ರೇಷ್ಮೆ ನೂಲಿನ ತುಣುಕುಗಳನ್ನು ಗಾಳದ ಕಾಂಡಕ್ಕೆ ಸುತ್ತಿ ಕಟ್ಟಿದರೆ ಬಣ್ಣಬಣ್ಣದ ಹುಳುವೇ ಆಗುತ್ತದೆ, ಕಳೆದುಹೋದರೂ ಕೊಳೆಯುತ್ತದೆ. ಮೆತ್ತಗಿನದೇ ಬೇಕಾದರೆ ಪ್ಲಾಸ್ಟರ್ ಅಚ್ಚಿಗೆ ಎಣ್ಣೆ ಸವರಿ, ಬಿಸಿನೀರಿನಲ್ಲಿ ದಪ್ಪಗೆ ಕರಗಿಸಿದ ಜೆಲಟಿನ್ ಅಥವಾ ಅಗರ್ ಹೊಯ್ದು ನೋಡಬಹುದು. ಜೆಲಟಿನ್ ಬಿಸಿಲಿಗೆ ಬೇಗ ಮೆತ್ತಗಾಗುತ್ತದೆ, ಅಗರ್ ಮುರಿಯುತ್ತದೆ; ಪ್ಲಾಸ್ಟಿಕ್ಕಿನಷ್ಟು ಬಾಳಿಕೆ ಎರಡಕ್ಕೂ ಇಲ್ಲ. ಆದರೆ ಹೊಳೆಗೆ ಬೇಕಾದುದು ಬಾಳಿಕೆ ಬಾರದ ವಸ್ತುವೇ. ತೂಕಕ್ಕೆ ಸೀಸವನ್ನು ಕಟ್ಟುವುದನ್ನೂ ಕೈಬಿಡಬೇಕು. ಹಂಸಗಳು ಸೀಸದ ಗುಂಡು ನುಂಗಿ ಸತ್ತ ಮೇಲೆ ಬ್ರಿಟನ್ 1987ರಲ್ಲಿಯೇ ಗಾಳದ ಸೀಸವನ್ನು ನಿರ್ಬಂಧಿಸಿತು. ಇಲ್ಲಿ ಸಣ್ಣ ಕಬ್ಬಿಣದ ನಟ್ಟು ಅದೇ ಕೆಲಸ ಮಾಡಬಲ್ಲದು.

ಇಷ್ಟಾಗಿಯೂ ಪ್ಲಾಸ್ಟಿಸಾಲ್‌ನಲ್ಲಿಯೇ ಎರಕ ಹೊಯ್ಯುವವರು ಕೆಲವು ಕಟ್ಟಳೆಗಳನ್ನಾದರೂ ಪಾಲಿಸಬೇಕು. ಕೆಲಸವು ಅಡುಗೆಮನೆಯಲ್ಲಲ್ಲ, ಗಾಳಿಯಾಡುವ ಅಂಗಳದಲ್ಲಿ, ಮಕ್ಕಳಿಂದ ದೂರ ನಡೆಯಬೇಕು. ಪಾತ್ರೆಯು ಮತ್ತೆ ಅಡುಗೆಗೆ ಬರಬಾರದು. ಶಾಖಮಾಪಕ, ಕನ್ನಡಕ, ದಪ್ಪ ಕೈಗವಸು ಇರಲೇಬೇಕು. ಈ ವಸ್ತುವಿಗೆ ಒಂದು ಒಳ್ಳೆಯ ಗುಣವೂ ಇದೆ. ಹರಿದ ಹುಳುವನ್ನು ಮತ್ತೆ ಕರಗಿಸಿ ಹೊಯ್ಯಬಹುದು. ಆದುದರಿಂದ ಪ್ರತಿಯೊಂದು ತುಣುಕನ್ನೂ ಜೇಬಿನಲ್ಲಿಟ್ಟುಕೊಂಡು ಮನೆಗೆ ಮರಳಿಸುವುದು ಮಾಡಿದವನ ಹೊಣೆ. ತಾನು ಮಾಡಿದ್ದೆಷ್ಟು, ಮರಳಿ ಬಂದದ್ದೆಷ್ಟು ಎಂದು ಒಂದು ಮಳೆಗಾಲ ಲೆಕ್ಕ ಬರೆದಿಟ್ಟ ವಿದ್ಯಾರ್ಥಿಗೆ ಯಾವ ಭಾಷಣವೂ ಬೇಕಾಗದು. ಹೊಳೆಯಲ್ಲಿ ಉಳಿದದ್ದೆಷ್ಟು ಎಂಬುದನ್ನು ಆ ಕಾಗದವೇ ಹೇಳುತ್ತದೆ.

ಸಂಗಮದ ಹಿನ್ನೀರಿನಲ್ಲಿ ನಸುಕಿಗೇ ತೆಪ್ಪ ಇಳಿಸುವ ಕುಟುಂಬಗಳು ಹವ್ಯಾಸಕ್ಕಾಗಿ ಮೀನು ಹಿಡಿಯುವುದಿಲ್ಲ. ಆ ಮೀನು ಅವರ ಮನೆಯ ಸಾರು, ಮಕ್ಕಳ ಶಾಲೆಯ ಖರ್ಚು. ಘಟ್ಟದ ಮೇಲಿನವರು ಹಳ್ಳಕ್ಕೆ ಬಿಟ್ಟದ್ದು, ಪಟ್ಟಣದ ಹವ್ಯಾಸಿ ದಡದಲ್ಲಿ ಎಸೆದದ್ದು ಕೊನೆಗೆ ಸೇರುವುದು ಅವರ ಬಲೆಯನ್ನೇ. ಕಣಕುಂಬಿಯ ಮಳೆನೀರು ಸಂಗಮವನ್ನು ಮುಟ್ಟುವಾಗ ತನ್ನೊಡನೆ ಮಣ್ಣಿನ ಎರೆಯನ್ನು ತರಲಿ, ಕೊಳೆಯದ ಎರೆಯನ್ನಲ್ಲ.