ಗಾಳಿಯಂತ್ರದ ಪೂರ್ತಿ ಲೆಕ್ಕ



ಗಾಳಿಯಿಂದ ವಿದ್ಯುಚ್ಛಕ್ತಿ ತೆಗೆಯುವ ಕೆಲಸವು ನಮ್ಮ ತಮಿಳುನಾಡಿನಲ್ಲಿ 1986ರಲ್ಲಿ ತೂತ್ತುಕುಡಿಯ ಬಳಿ ಪ್ರಾರಂಭವಾಯಿತು. ಅಲ್ಲಿಂದೀಚೆಗೆ ಕನ್ಯಾಕುಮಾರಿ ಜಿಲ್ಲೆಯ ಮುಪ್ಪಂದಲ್, ಪಾಲಕ್ಕಾಡಿನ ಕಣಿವೆಗೆ ಎದುರಾಗಿರುವ ಉಡುಮಲೈ, ಪಲ್ಲಡಂ ಮುಂತಾದ ಕಡೆಗಳಲ್ಲಿ ಸಾವಿರಾರು ಯಂತ್ರಗಳು ಎದ್ದು ನಿಂತಿವೆ. ಕರ್ನಾಟಕದಲ್ಲಿ ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಗಳ ಮೇಲೆಯೂ ಗದಗದ ಕಪ್ಪತಗುಡ್ಡದ ಮೇಲೆಯೂ ಅವು ತಿರುಗುವುದನ್ನು ಆ ಕಡೆ ಬಸ್ಸಿನಲ್ಲಿ ಹೋದವರು ನೋಡಿಯೇ ಇರುತ್ತೀರಿ. ನಮ್ಮ ರಾಯಕೋಟೆಯ ಸುತ್ತ ಅಂಥ ಸಾಲುಗಳು ಕಣ್ಣಿಗೆ ಬೀಳುವುದಿಲ್ಲ. ಆದರೂ ಈ ವಿಷಯ ನಮಗೆ ಸಂಬಂಧಿಸಿದ್ದಲ್ಲ ಎಂದು ಸುಮ್ಮನಿರುವಂತಿಲ್ಲ. ಏಕೆಂದರೆ ಹಿಂದೆ ಬಿರುಗಾಳಿ ಬೀಸುವ ಜಾಗವನ್ನೇ ಹುಡುಕುತ್ತಿದ್ದ ಕಂಪನಿಗಳು ಈಗ ನೂರು ಮೀಟರಿಗೂ ಮೇಲ್ಪಟ್ಟ ಕಂಬಗಳನ್ನೂ ಉದ್ದುದ್ದ ರೆಕ್ಕೆಗಳನ್ನೂ ತಯಾರಿಸಿ, ಸಾಧಾರಣ ಗಾಳಿಯ ಪ್ರದೇಶಗಳಿಗೂ ಬರತೊಡಗಿವೆ. ನಾಳೆ ಒಬ್ಬ ಏಜೆಂಟನು ನಮ್ಮ ಹೊಲದ ಬದುವಿನ ಮೇಲೆ ನಿಂತು ಕಾಗದ ಚಾಚಿದರೆ ನಾವು ಏನು ಕೇಳಬೇಕು?

ಈ ಯಂತ್ರಗಳ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಇದರಿಂದ ಯಾವ ಕೆಡುಕೂ ಇಲ್ಲ ಎಂಬುದು ಒಂದು. ಆ ರೆಕ್ಕೆಗಳು ಮೋಡಗಳನ್ನು ಓಡಿಸಿ ಮಳೆಯನ್ನು ಕೆಡಿಸುತ್ತವೆ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ.

ಒಂದು ಬೋರ್‌ವೆಲ್ಲಿನ ಲೆಕ್ಕವನ್ನು ನಾವು ಹೇಗೆ ಹಾಕುತ್ತೇವೆ? ನೀರು ಬಂದ ದಿನದಿಂದ ನಿಂತ ದಿನದವರೆಗೆ ಮಾತ್ರ ಬರೆದರೆ ಎಲ್ಲ ಬೋರೂ ಲಾಭವೇ. ಕೊರೆಸಿದ ಅಡಿಗೆ ಇಷ್ಟು, ಪೈಪಿಗೆ ಇಷ್ಟು, ಮೋಟಾರಿಗೆ ಇಷ್ಟು, ಸಾಲದ ಬಡ್ಡಿ ಇಷ್ಟು ಎಂದು ಸೇರಿಸಿದಾಗ ನಿಜ ತಿಳಿಯುತ್ತದೆ. ಬತ್ತಿದ ಮೇಲೆ ಅದರ ಬಾಯಿ ಮುಚ್ಚುವವರು ಯಾರು ಎಂಬುದಂತೂ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. 2019ರಲ್ಲಿ ತಿರುಚ್ಚಿ ಜಿಲ್ಲೆಯ ಮಣಪ್ಪಾರೈ ಹತ್ತಿರ ಹಾಗೆ ಬಿಟ್ಟುಬಿಟ್ಟ ಕುಳಿಯೊಳಕ್ಕೆ ಬಿದ್ದು ಎರಡು ವರ್ಷದ ಮಗುವೊಂದು ತೀರಿಕೊಂಡದ್ದನ್ನು ನಾವು ಮರೆತಿಲ್ಲವಷ್ಟೆ. ಅದಿರನ್ನು ನೆಲದಿಂದ ತೆಗೆದ ದಿನದಿಂದ ಹಿಡಿದು, ಯಂತ್ರವು ಮುದಿಯಾಗಿ ಗುಜರಿಗೆ ಹೋಗುವ ದಿನದವರೆಗೆ ಹಾಕುವ ಲೆಕ್ಕಕ್ಕೆ ವಿದ್ವಾಂಸರು ಜೀವನಚಕ್ರದ ಲೆಕ್ಕವೆಂದು ಹೆಸರಿಟ್ಟಿದ್ದಾರೆ. ಗಾಳಿಯಂತ್ರಕ್ಕೆ ಹಾಕತಕ್ಕದ್ದೂ ಅದನ್ನೇ.

ಮೊದಲು ಅದರ ಒಳ್ಳೆಯ ಭಾಗವನ್ನು ನೋಡೋಣ. ಕಂಬಕ್ಕೆ ಉಕ್ಕು ಬೇಕು, ತಳಪಾಯಕ್ಕೆ ನೂರಾರು ಘನ ಮೀಟರ್ ಕಾಂಕ್ರೀಟು ಬೇಕು, ಗಾಜಿನ ನಾರನ್ನು ಅಂಟಿನಲ್ಲಿ ಅದ್ದಿ ರೆಕ್ಕೆ ಮಾಡಬೇಕು. ರೆಕ್ಕೆಯ ಒಳಗೆ ತುಂಬುವ ಬಾಲ್ಸಾ ಎಂಬ ಹಗುರವಾದ ಮರ ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುತ್ತದೆ. ಇವೆಲ್ಲಕ್ಕೂ ಕಲ್ಲಿದ್ದಲು, ಡೀಸೆಲ್ಲು ಸುಟ್ಟೇ ಸುಡುತ್ತವೆ. ಆ ಹೊಗೆಯನ್ನೆಲ್ಲ ಸೇರಿಸಿ, ಯಂತ್ರವು ತನ್ನ ಆಯುಷ್ಯದಲ್ಲಿ ಕೊಡುವ ಯೂನಿಟ್ಟುಗಳಿಗೆ ಹಂಚಿದರೆ, ಯೂನಿಟ್ಟಿಗೆ ಸುಮಾರು 11 ಗ್ರಾಂ ಅನಿಲವಾಗುತ್ತದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯು 2014ರ ವರದಿಯಲ್ಲಿ ಹೇಳಿದೆ. ಕಲ್ಲಿದ್ದಲಿನ ಯೂನಿಟ್ಟಿಗೆ ಅದೇ ವರದಿಯ ಅಂಕಿ 820 ಗ್ರಾಂ.

ಶಾಲೆಯ ಹುಡುಗರಿಗೆ ಕೊಡುವ ಲೆಕ್ಕದಂತೆ ಇದನ್ನು ಮಾಡಿ ನೋಡಿ. ಎರಡು ಸಾವಿರ ಕಿಲೋವಾಟಿನ ಒಂದು ಯಂತ್ರ. ಗಾಳಿ ಎಲ್ಲ ದಿನವೂ ಬೀಸುವುದಿಲ್ಲವಾದ್ದರಿಂದ ಅದರ ಶಕ್ತಿಯಲ್ಲಿ ಕಾಲು ಭಾಗವನ್ನು ಮಾತ್ರ ಹಿಡಿಯಿರಿ. ವರ್ಷಕ್ಕೆ ಸುಮಾರು 44 ಲಕ್ಷ ಯೂನಿಟ್ಟು, ಇಪ್ಪತ್ತು ವರ್ಷಕ್ಕೆ ಎಂಟೂಮುಕ್ಕಾಲು ಕೋಟಿ. ಗಾಳಿಯದಾದರೆ ಇದರ ಅನಿಲ ಸುಮಾರು 960 ಟನ್ನು. ಕಲ್ಲಿದ್ದಲಿನದಾದರೆ 72 ಸಾವಿರ ಟನ್ನಿನ ಹತ್ತಿರ. ಸಂಶಯಕ್ಕೆ ಎಡೆಯೆಲ್ಲಿ? ಒಳ್ಳೆಯ ಗಾಳಿಯ ಸ್ಥಳದಲ್ಲಿ ಯಂತ್ರವು ತನ್ನನ್ನು ತಯಾರಿಸಲು ಹಿಡಿದ ಶಕ್ತಿಯನ್ನು ಸುಮಾರು ಒಂದು ವರ್ಷದೊಳಗೇ ಹಿಂದಿರುಗಿಸಿಬಿಡುತ್ತದೆ.

ನೀರಿನ ಮಾತು ನಮ್ಮಂಥ ಮಳೆ ಕಡಿಮೆಯ ಸೀಮೆಗೆ ಇನ್ನೂ ಮುಖ್ಯ. ಕಲ್ಲಿದ್ದಲಿನ ಹಳೆಯ ಸ್ಥಾವರಗಳು ಯೂನಿಟ್ಟಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಕೂಡದೆಂದು ಕೇಂದ್ರ ಸರ್ಕಾರವು 2015ರಲ್ಲಿ ನಿಯಮ ಮಾಡಿತು. ಆ ಮಿತಿಯಲ್ಲಿಯೇ ಎಂಟೂಮುಕ್ಕಾಲು ಕೋಟಿ ಯೂನಿಟ್ಟಿಗೆ 30 ಕೋಟಿ ಲೀಟರು ನೀರಾಗುತ್ತದೆ. ತಿರುಗುವ ಗಾಳಿಯಂತ್ರಕ್ಕೆ ನೀರು ಬೇಕಾಗಿಲ್ಲ. ಕಲ್ಲಿದ್ದಲಿನ ಬೂದಿಯೂ ಇಲ್ಲ. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಸುಟ್ಟರೆ ಮೂವತ್ತು ನಲವತ್ತು ಕಿಲೋ ಬೂದಿ ಉಳಿಯುತ್ತದೆ. ನಮ್ಮ ಪಂಪಿಗೆ ಬರುವ ಕರೆಂಟು ಮೇಟ್ಟೂರಿನ ಕಲ್ಲಿದ್ದಲಿನದೋ ಆಷಾಢದ ಗಾಳಿಯದೋ ಎಂದು ತಂತಿ ಹೇಳುವುದಿಲ್ಲ. ಆದರೆ ಆ ಬೂದಿ ಯಾವುದೋ ಒಂದು ಊರಿನ ಗಾಳಿಯಲ್ಲಿ, ಬಾವಿಯಲ್ಲಿ ಇದ್ದೇ ಇರುತ್ತದೆ.

ಮೋಡ ಓಡಿಸುವ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಮಳೆ ತರುವ ಮಾರುತವು ನೂರಾರು ಮೈಲಿ ಅಗಲದ್ದು, ಮೈಲಿಗಟ್ಟಲೆ ಎತ್ತರದ್ದು. ರೆಕ್ಕೆಯ ತುದಿ ನೆಲದಿಂದ ಇನ್ನೂರು ಮೀಟರಿನ ಆಸುಪಾಸು. ಇದು ಅದನ್ನು ಓಡಿಸೀತೆನ್ನುವುದು ಬೀಸಣಿಗೆಯಿಂದ ಕೆರೆಯ ಅಲೆ ತಡೆದಂತೆ. ಯಂತ್ರಗಳ ಹತ್ತಿರ ಮೇಲಿನ ಗಾಳಿ ಕೆಳಗಿನ ಗಾಳಿ ಬೆರೆತು, ರಾತ್ರಿ ಹೊತ್ತು ನೆಲದ ಮಟ್ಟದಲ್ಲಿ ಕೊಂಚ ಬೆಚ್ಚಗಾಗುವುದು ಮಾತ್ರ ನಿಜ. ಅಮೆರಿಕದ ಟೆಕ್ಸಾಸಿನಲ್ಲಿ ಇದನ್ನು ಉಪಗ್ರಹದಿಂದ ಅಳೆದು 2012ರಲ್ಲಿ ಪ್ರಕಟಿಸಿದ್ದಾರೆ.

ಇಷ್ಟಾದ ಮೇಲೆ ಗಾಳಿಯಂತ್ರ ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಆ 11 ಗ್ರಾಮಿನ ಲೆಕ್ಕ ಹೊಗೆಯದು ಮಾತ್ರ. ಗುಡ್ಡ, ಕೆರೆ, ಹಕ್ಕಿ, ಹೊಲ ಇವನ್ನು ಗ್ರಾಮಿನಲ್ಲಿ ತೂಗಲಾಗುವುದಿಲ್ಲ.

ತಮಿಳುನಾಡಿನ ಯಂತ್ರಗಳಲ್ಲಿ ಬಹುಪಾಲು ಬಯಲು ನೆಲದ ಮೇಲೆ ನಿಂತಿವೆ. ಅದರ ಬುಡದವರೆಗೂ ರೈತ ಉಳಬಹುದು, ದನ ಮೇಯಿಸಬಹುದು. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಎಷ್ಟೋ ಯಂತ್ರಗಳು ಗುಡ್ಡದ ನೆತ್ತಿಯ ಮೇಲಿವೆ. ಐವತ್ತು ಅರವತ್ತು ಮೀಟರಿನ ಒಂದೇ ತುಂಡಿನ ರೆಕ್ಕೆಯನ್ನು ಮೇಲಕ್ಕೆ ಸಾಗಿಸಬೇಕಾದರೆ ಗಾಡಿಯ ಜಾಡು ಸಾಲದು. ತಿರುವುಗಳಲ್ಲಿ ಗುಡ್ಡವನ್ನೇ ಅಗೆದು ಅಗಲ ಮಾಡಬೇಕು. ಹಾಗೆ ಕಡಿದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೆಳಗಿಳಿಯುತ್ತದೆ. ಎಲ್ಲಿಗೆ ಇಳಿಯುತ್ತದೆಂದು ಕೆರೆಯ ಹೂಳು ಎತ್ತಿದವರಿಗೆ ನಾನು ಹೇಳಬೇಕಾದ್ದಿಲ್ಲ. ಕಪ್ಪತಗುಡ್ಡವು ಔಷಧಿ ಗಿಡಗಳ ಗುಡ್ಡವೆಂದು ಹೆಸರಾದದ್ದು. ಗಣಿಗಾರಿಕೆಯಿಂದ ಅದನ್ನು ಉಳಿಸಿಕೊಳ್ಳಲು ಗದಗಿನ ಜನ ವರ್ಷಗಟ್ಟಲೆ ಹೋರಾಡಿ, 2019ರಲ್ಲಿ ಅದು ವನ್ಯಜೀವಿ ಧಾಮವೆನಿಸಿತು. ಅಷ್ಟು ಹೊತ್ತಿಗೆ ಯಂತ್ರಗಳೂ ಅವುಗಳ ದಾರಿಗಳೂ ಗುಡ್ಡದ ಮೇಲೆ ಆಗಿಹೋಗಿದ್ದವು.

ಸಾತಾರ ಜಿಲ್ಲೆಯ ಚಾಳಕೇವಾಡಿ ಎಂಬ ಎತ್ತರದ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು (ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟು) ಮಾಡಿದ ಪರಿಶೀಲನೆ 2018ರಲ್ಲಿ ಅಚ್ಚಾಯಿತು. ಯಂತ್ರಗಳಿರುವ ಕಡೆ ಹದ್ದು ಗಿಡುಗಗಳ ಜಾತಿಯ ಬೇಟೆಯ ಹಕ್ಕಿಗಳು, ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ಹೋದದ್ದರಿಂದ, ಕೊರಳಲ್ಲಿ ಬೀಸಣಿಗೆಯಂತೆ ಬಣ್ಣದ ತೊಗಲು ಬಿಚ್ಚುವ ಒಂದು ಬಗೆಯ ಓತಿಕೇತಗಳು ಹೆಚ್ಚಾಗಿ, ಭಯವನ್ನೂ ಮರೆತಿವೆಯಂತೆ. ಓತಿಕೇತ ಹೆಚ್ಚಿದರೆ ನಮಗೇನು ಎನ್ನಬಹುದು. ಹದ್ದು ತಿನ್ನುವುದು ಓತಿಕೇತವನ್ನೊಂದೇ ಅಲ್ಲ, ಇಲಿಯನ್ನೂ ತಿನ್ನುತ್ತದೆ. ಇಲಿಯ ಮಾತು ನನ್ನ ಊಹೆಯೇ ಹೊರತು ಆ ಸಂಶೋಧಕರದಲ್ಲ. ಕಡಲೆಕಾಯಿ ಬೆಳೆಯುವವರು ಯೋಚಿಸಿ ನೋಡಲಿ. ನಮ್ಮ ಸೀಮೆಯಲ್ಲಂತೂ ಡೆಂಕಣಿಕೋಟೆ, ಶೂಲಗಿರಿಯ ಕಾಡಂಚುಗಳಲ್ಲಿ ರಾಗಿ ಕೊಯ್ಲಿನ ಕಾಲಕ್ಕೆ ಆನೆಗಳ ಓಡಾಟವಿದೆ. ಗುಡ್ಡದ ಮೇಲೆ ಹೊಸ ರಸ್ತೆ, ಹೊಸ ತಂತಿ ಎಳೆದರೆ ಅವು ದಾರಿ ಬದಲಿಸಿ ಯಾರ ಹೊಲಕ್ಕೆ ಇಳಿಯುತ್ತವೆ ಎಂಬುದನ್ನು ಮೊದಲೇ ಕೇಳತಕ್ಕದ್ದು. ಬಂಜರು ಬಯಲಿದ್ದರೆ ಯಂತ್ರ ಬರಲಿ, ಕೆರೆಗೆ ನೀರು ಕೊಡುವ ಗುಡ್ಡ ಮಾತ್ರ ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನು ಯಂತ್ರದ ಕೊನೆಗಾಲ. ಅದರ ಆಯುಷ್ಯ ಇಪ್ಪತ್ತರಿಂದ ಇಪ್ಪತ್ತೈದು ವರ್ಷ. ತಮಿಳುನಾಡಿನಲ್ಲಿ 1990ರ ದಶಕದಲ್ಲಿ ನಿಲ್ಲಿಸಿದ 225, 250 ಕಿಲೋವಾಟಿನ ಚಿಕ್ಕ ಯಂತ್ರಗಳು ಮುದಿಯಾಗಿವೆ. ಅವನ್ನು ತೆಗೆದು ದೊಡ್ಡವನ್ನು ನಿಲ್ಲಿಸುವುದಕ್ಕೂ ರಿಪೇರಿ ಮಾಡಿ ಮುಂದುವರಿಸುವುದಕ್ಕೂ ರಾಜ್ಯ ಸರ್ಕಾರವು 2024ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಉಕ್ಕು, ತಾಮ್ರಗಳಿಗೆ ಗುಜರಿಯಲ್ಲಿ ಬೆಲೆಯಿದೆ, ಕೇಳದಿದ್ದರೂ ಒಯ್ಯುತ್ತಾರೆ. ರೆಕ್ಕೆಗೆ ಬೆಲೆಯಿಲ್ಲ. ಗಾಜಿನ ನಾರೂ ಅಂಟೂ ಒಂದಾಗಿ ಗಟ್ಟಿಯಾದದ್ದನ್ನು ಕರಗಿಸಿ ಬೇರ್ಪಡಿಸುವುದು ಸುಲಭವಲ್ಲ, ಮಣ್ಣಿನಲ್ಲಿ ಅದು ಕೊಳೆಯುವುದಿಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತದ ಕ್ಯಾಸ್ಪರ್ ಎಂಬಲ್ಲಿ ಅವನ್ನು ತುಂಡರಿಸಿ ಸಾಲಾಗಿ ಹೂಳುವ ಚಿತ್ರಗಳು 2020ರಲ್ಲಿ ಲೋಕಕ್ಕೆಲ್ಲ ಹಬ್ಬಿದವು. ಪುಡಿ ಮಾಡಿ ಸಿಮೆಂಟಿನ ಗೂಡುಗಳಲ್ಲಿ ಉರಿಸುವ ಪದ್ಧತಿ ಜರ್ಮನಿಯಲ್ಲಿದೆ. ಅರಿಯಲೂರಿನಂಥ ಸಿಮೆಂಟಿನ ಊರುಗಳಿರುವ ನಮ್ಮ ರಾಜ್ಯಕ್ಕೆ ಇದು ಅಸಾಧ್ಯವೆಂದು ನನಗೆ ತೋರುವುದಿಲ್ಲ. ಸೀಮೆನ್ಸ್ ಗಮೇಸಾ ಕಂಪನಿಯವರು 2021ರಲ್ಲಿ ಬಿಡಿಸಬಹುದಾದ ರೆಕ್ಕೆಯನ್ನು ತಂದರು. ಈಗಾಗಲೇ ತಿರುಗುತ್ತಿರುವ ಹಳೆಯ ರೆಕ್ಕೆಗಳಿಗೆ ಅದರಿಂದ ಪ್ರಯೋಜನವಿಲ್ಲ.

ತಳಪಾಯದ ಕಾಂಕ್ರೀಟು ಯಾರಿಗೂ ಬೇಡವಾದ್ದರಿಂದ ನೆಲದಲ್ಲಿಯೇ ಉಳಿಯುತ್ತದೆ. ಕೃಷ್ಣಗಿರಿ ಜಿಲ್ಲೆಯವರಾದ ನಮಗೆ ಇದರ ರುಚಿ ಗೊತ್ತು. ಗ್ರಾನೈಟ್ ಕಲ್ಲು ತೆಗೆದವರು ಹೋದ ಮೇಲೆ ಹೊಂಡಗಳು ಯಾರ ಪಾಲಿಗೆ ಉಳಿದಿವೆ?

ಇಷ್ಟೆಲ್ಲ ಇದ್ದರೂ, ಪರಿಸರದ ಮೇಲಿನ ಪರಿಣಾಮ ನೋಡಿ ಮುಂಚಿತವಾಗಿ ಅನುಮತಿ ಪಡೆಯಬೇಕಾದ ಉದ್ಯಮಗಳ 2006ರ ಕೇಂದ್ರ ಪಟ್ಟಿಯಲ್ಲಿ ಗಾಳಿಯಂತ್ರ ಸೇರಿಲ್ಲ. ಕಾಡಿನ ಜಾಗವಾದರೆ ಅರಣ್ಯದ ಅನುಮತಿ ಬೇಕು. ಪಟ್ಟಾ ಜಮೀನಾದರೆ ಆ ಪಟ್ಟಿಯಂತೆ ಊರವರನ್ನು ಕರೆದು ಕೇಳುವ ಸಾರ್ವಜನಿಕ ವಿಚಾರಣೆಯೂ ಇಲ್ಲ. ಹೀಗಾಗಿ ರೈತನ ಕೈಯಲ್ಲಿ ಉಳಿಯುವ ಆಯುಧವೆಂದರೆ ಕರಾರು ಪತ್ರವೊಂದೇ.

ಅದು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ನಮ್ಮಲ್ಲಿ ಎಷ್ಟೋ ಜನ ತಮಿಳನ್ನು ಸಂತೆಯಲ್ಲಿ ಸರಾಗವಾಗಿ ಆಡುವವರೇ ಆದರೂ ದಸ್ತಾವೇಜಿನ ತಮಿಳು ಬೇರೆ. ಓದಬಲ್ಲ ಹುಡುಗನನ್ನೋ ವಕೀಲರನ್ನೋ ಕೂರಿಸಿಕೊಂಡು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ವರ್ಷದ ಬಾಡಿಗೆ ಎಷ್ಟೆಂಬುದು ಮೊದಲ ಪುಟದಲ್ಲಿಯೇ ಇರುತ್ತದೆ, ಅದನ್ನು ಏಜೆಂಟನೇ ತೋರಿಸುತ್ತಾನೆ. ನೀವು ಹುಡುಕಬೇಕಾದದ್ದು ಬೇರೆ: ಅವಧಿ ಮುಗಿದ ಮೇಲೆ ಯಂತ್ರವನ್ನು ಬಿಚ್ಚುವವರು ಯಾರು, ರೆಕ್ಕೆಗಳನ್ನು ಎಲ್ಲಿಗೆ ಒಯ್ಯುತ್ತಾರೆ, ನೇಗಿಲು ತಾಗದಷ್ಟು ಆಳಕ್ಕೆ ಕಾಂಕ್ರೀಟು ಒಡೆದು ಮಣ್ಣು ತುಂಬಿಕೊಡುತ್ತಾರೆಯೇ, ಕಂಪನಿಯು ಕೈ ಬದಲಾದರೆ ಹೊಸ ಯಜಮಾನನಿಗೂ ಇದು ಕಟ್ಟುಬೀಳುತ್ತದೆಯೇ. ಇದರ ಖರ್ಚಿನ ಹಣವನ್ನು ಪ್ರಾರಂಭದಲ್ಲಿಯೇ ಬ್ಯಾಂಕಿನಲ್ಲಿ ಬೇರೆಯಾಗಿ ಇಡತಕ್ಕದ್ದೆಂದು ಬರೆಸಿ. ಇಪ್ಪತ್ತೈದು ವರ್ಷದ ಮೇಲೆ ಆ ಕಂಪನಿ ಇರುತ್ತದೋ ಇಲ್ಲವೋ, ಹೊಲ ಅಲ್ಲಿಯೇ ಇರುತ್ತದೆ, ಅದನ್ನು ಉಳುವವನು ನಿಮ್ಮ ಮಗನಾಗಿರುತ್ತಾನೆ. ಸಹಿ ಹಾಕುವ ಮುನ್ನ ಕಾಗದವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಇನ್ನೂ ಒಳ್ಳೆಯದು. ಪಕ್ಕದ ಹೊಲದವನ ಕಾಗದದಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದೂ ಅಲ್ಲಿಯೇ ಹೊರಬೀಳುತ್ತದೆ.