ಸುಳ್ಳಲ್ಲದ ನೋವು

ನಿಡೋಣಿಯಲ್ಲಿರುವ ನಮ್ಮ ಸೋದರತ್ತೆಗೆ ಸೊಂಟನೋವು. ಅದು ನಿನ್ನೆ ಮೊನ್ನೆಯದಲ್ಲ, ಏಳು ವರ್ಷಗಳದು. ದ್ರಾಕ್ಷಿಯ ತೋಟ, ಬಿಳಿಜೋಳದ ಹೊಲ, ಒಲೆಯ ಮುಂದೆ ರೊಟ್ಟಿ ಬಡಿಯುವ ಕೆಲಸ, ಇವುಗಳ ನಡುವೆ ಆಕೆಯ ಆಯುಷ್ಯ ಸವೆದಿದೆ. ಒಮ್ಮೆ ಆಕೆಯನ್ನು ನಗರದ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಇದರಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನದು” ಎಂದರು. ಅತ್ತೆ ಅಲ್ಲಿ ಮಾತನಾಡಲಿಲ್ಲ. ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿಯತ್ತ ಮುಖ ತಿರುಗಿಸಿ, “ಹಂಗಾರ ಏಳ ವರಸ ನಾ ಸುಳ್ಳ ಹೇಳೀನೇನು?” ಎಂದು ಕೇಳಿದಳು.

ವಾಚಕರೇ, ಇಂಥ ಪ್ರಶ್ನೆಯನ್ನು ನುಂಗಿಕೊಂಡವರು ನಿಮ್ಮ ಮನೆಯಲ್ಲಿಯೂ ಒಬ್ಬರು ಇದ್ದಾರು. ಅವರಿಗೆ ಕೊಡಬೇಕಾದ ಉತ್ತರ ಒಂದೇ: ನೋವು ನಿಜ, ಅದಕ್ಕೆ ಮನಸ್ಸಿನ ಮೂಲಕ ಚಿಕಿತ್ಸೆ ಇದೆಯೆಂದಾಕ್ಷಣ ಅದು ಸುಳ್ಳಾಗುವುದಿಲ್ಲ.

ನಮ್ಮ ಭಾಷೆ ಇದನ್ನು ಮೊದಲೇ ಬಲ್ಲದು. ಕಾಲು ನೋಯುತ್ತದೆ, ಮನಸ್ಸೂ ನೋಯುತ್ತದೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಮಾಡಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯಾನುಭವವೆಂದೂ ಭಾವಾನುಭವವೆಂದೂ ಒಟ್ಟಿಗೆ ಕರೆಯಿತು. 2020ರಲ್ಲಿ ಅದನ್ನು ಪರಿಷ್ಕರಿಸಿದಾಗ, ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂಬ ವಿವರಣೆಯನ್ನೂ ಸೇರಿಸಲಾಯಿತು.

ಗಾಯದಷ್ಟೇ ನೋವು ಎಂಬ ಲೆಕ್ಕ ತಪ್ಪೆಂಬುದು ಯುದ್ಧಭೂಮಿಯಲ್ಲಿ ಕಂಡುಬಂದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಅಮೆರಿಕದ ವೈದ್ಯ ಹೆನ್ರಿ ಬೀಚರ್ ವಿಚಾರಿಸಿದಾಗ, ನಾಲ್ವರಲ್ಲಿ ಸುಮಾರು ಮೂವರು ನೋವಿನ ಮದ್ದೇ ಬೇಡವೆಂದರು. ಜೀವ ಉಳಿಯಿತು, ಇನ್ನು ರಣರಂಗದಿಂದ ಬಿಡುಗಡೆ ಎಂಬ ನೆಮ್ಮದಿ ನೋವನ್ನು ತಗ್ಗಿಸಿತ್ತೆಂದು ಅವರು ತರ್ಕಿಸಿದರು. ಮುಂದೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ‘ಬಾಗಿಲು’ ಇದೆಯೆಂಬ ಸಿದ್ಧಾಂತವನ್ನು ಮಂಡಿಸಿದರು. ಮೇಲೇರುವ ನೋವಿನ ಸಂದೇಶವನ್ನು ಅದು ಕೆಲವೊಮ್ಮೆ ಬಿಡುತ್ತದೆ, ಕೆಲವೊಮ್ಮೆ ತಡೆಯುತ್ತದೆ. ಮಿದುಳಿನಿಂದ ಇಳಿದುಬರುವ ಆಜ್ಞೆಗಳಿಗೂ ಆ ಬಾಗಿಲ ಮೇಲೆ ಅಧಿಕಾರವುಂಟು. ಸಿದ್ಧಾಂತದ ವಿವರಗಳು ಆಮೇಲೆ ಬದಲಾದರೂ ಮುಖ್ಯ ಮಾತು ನಿಂತಿದೆ.

ಮೂರು ತಿಂಗಳನ್ನು ಮೀರಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕವೆನ್ನುತ್ತದೆ. ಹೊಲ ಕಾಯುವ ನಾಯಿಯನ್ನು ನೆನೆಯಿರಿ. ಕಳ್ಳ ಬಂದ ರಾತ್ರಿ ಅದು ಬೊಗಳಿದ್ದು ಸರಿಯೇ. ಆದರೆ ಕಳ್ಳ ಹೋದ ಮೇಲೂ ಅದು ಎಲೆ ಅಲುಗಿದರೆ, ನೆರಳು ಸರಿದರೆ ಬೊಗಳುತ್ತಲೇ ಇದ್ದರೆ? ಬೊಗಳುವುದು ಸುಳ್ಳಲ್ಲ, ನಾಯಿ ಬೆದರಿದೆ, ಅಷ್ಟೆ. ನರಮಂಡಲವೂ ಹಾಗೆ ಬೆದರಬಲ್ಲದು. ಅದನ್ನು ಸಮಾಧಾನಪಡಿಸುವುದೇ ಮನಶ್ಶಾಸ್ತ್ರೀಯ ಚಿಕಿತ್ಸೆಯ ಕೆಲಸ.

ಹೇಗೆಂದಿರಾ? ನಮ್ಮ ಅತ್ತೆಯ ರೊಟ್ಟಿಯನ್ನೇ ತೆಗೆದುಕೊಳ್ಳಿ. ನೋವು ಕಡಿಮೆಯಿದ್ದ ದಿನ ನಾಲ್ವತ್ತು ರೊಟ್ಟಿ ಬಡಿದು, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಆಕೆಯ ರೂಢಿಯಾಗಿತ್ತು. ಆಮೇಲೆ ಭೆಟ್ಟಿಯಾದ ಆಪ್ತಸಮಾಲೋಚಕಿಯೊಬ್ಬರು ಒಂದು ನಿಯಮ ಹಾಕಿಕೊಟ್ಟರು: ನೋವಿರಲಿ, ಇಲ್ಲದಿರಲಿ, ಹತ್ತಾದೊಡನೆ ಏಳಬೇಕು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಮತ್ತೆ ಕುಳಿತುಕೊಳ್ಳಬೇಕು. ನಿಧಾನವಾಗಿ ಉಸಿರಾಡಿ ಮೈ ಸಡಿಲಿಸುವುದನ್ನು ಕಲಿಸಿದರು. ‘ಬಗ್ಗಿದರೆ ಸೊಂಟ ಮುರಿದೇಹೋಗುತ್ತದೆ’ ಎಂಬ ಭಯವನ್ನು ದಿನಕ್ಕಿಷ್ಟು ಬಗ್ಗಿಸಿಯೇ ಬಿಡಿಸಿದರು. ನಿದ್ರೆಗೆ ಹೊತ್ತು ಗೊತ್ತುಮಾಡಿದರು.

ಮನೆಯವರಿಗೂ ಪಾಠವಿತ್ತು. ನರಳಿದಾಗ ಮಾತ್ರ ಓಡಿಬಂದು, ಎದ್ದು ನಡೆದಾಗ ಸುಮ್ಮನಿದ್ದರೆ ನರಳಾಟವೇ ಬೇರೂರುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಬಹು ಹಿಂದೆಯೇ ತೋರಿಸಿದ್ದರು. ಇದರರ್ಥ ನೊಂದವರನ್ನು ಕಡೆಗಣಿಸಬೇಕೆಂದಲ್ಲ. ಅವರ ಪ್ರಯತ್ನವನ್ನೂ ಕಾಣಬೇಕೆಂದು.

ಇದು ಮಂತ್ರವಿದ್ಯೆಯಲ್ಲ. 2020ರಲ್ಲಿ 75 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು, ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯಿಂದ ಸರಾಸರಿ ಲಾಭ ಸಣ್ಣದೆಂದೇ ಹೇಳಿತು. ಕೊಲರಾಡೊದಲ್ಲಿ ಬೆನ್ನುನೋವಿನ 151 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಹೆಚ್ಚು ಆಸೆ ಹುಟ್ಟಿಸಿತು: ನೋವೆಂದರೆ ಅಪಾಯವೆಂಬ ಭಾವನೆಯನ್ನೇ ಬಿಡಿಸುವ ಚಿಕಿತ್ಸೆ ಪಡೆದವರಲ್ಲಿ ಮೂವರಿಗೆ ಸುಮಾರು ಇಬ್ಬರು ನೋವಿನಿಂದ ಬಹುಮಟ್ಟಿಗೆ ಮುಕ್ತರಾದರು, ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಹತ್ತರಲ್ಲೊಬ್ಬರು. ಆದರೆ ಒಂದೇ ಪ್ರಯೋಗವನ್ನು ನೆಚ್ಚಿ ಕುಣಿಯಲಾಗದು.

ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕಾಲಿನ ಬಲಹೀನತೆ, ಮಲಮೂತ್ರದ ಹತೋಟಿ ತಪ್ಪುವುದು, ಇವು ಜೊತೆಗಿದ್ದರೆ ತಡಮಾಡಬಾರದು. ನೋವಿನ ಕೂಡ ದುಃಖವೂ ನಿದ್ರಾಹೀನತೆಯೂ ಬೆಳೆದಿದ್ದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಬೇಕಿಲ್ಲ.

ಅತ್ತೆಯ ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಊರಿಗೆ ಹೋದಾಗ ನಾವು “ಸೊಂಟ ಹೇಗಿದೆ?” ಎಂದು ಕೇಳುವುದನ್ನು ಬಿಟ್ಟಿದ್ದೇವೆ. “ಇವತ್ತ ಎಷ್ಟ ರೊಟ್ಟಿ ಆದೂವು?” ಎಂದು ಕೇಳುತ್ತೇವೆ. ಆಕೆ ಲೆಕ್ಕ ಒಪ್ಪಿಸಿ, ನಮ್ಮ ತಟ್ಟೆಗೆ ಬಿಸಿಯದೊಂದು ಹಾಕುತ್ತಾಳೆ.