ಎಕ್ಸೆಲ್‌ಗೇ ನಿಂತುಹೋದ ಅಂಗಡಿ

ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಯ ತೂಕ ಅವರ ಎತ್ತರಕ್ಕೆ ಇರಬೇಕಾದುದಕ್ಕಿಂತ ಹೆಚ್ಚು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ 23ರ ಆಸುಪಾಸಿನಲ್ಲಿತ್ತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಏರಿದೆ. ಇವರೆಲ್ಲರಿಗೂ ತ್ರಿಬಲ್ ಎಕ್ಸೆಲ್ ಬಟ್ಟೆಯೇ ಬೇಕು ಎಂದೇನಲ್ಲ. ಆದರೆ ಅಂಥದ್ದು ಬೇಕಾದವರ ಸಂಖ್ಯೆ ಬೆಳೆಯುತ್ತಿದೆ ಎಂಬುದನ್ನು ತಿಳಿಯಲು ಜವಳಿ ವ್ಯಾಪಾರಿಗೆ ಸಮೀಕ್ಷೆಯೂ ಬೇಡ, ಗಲ್ಲಾಪೆಟ್ಟಿಗೆಯ ಎದುರು ಒಂದು ಸಂಜೆ ಕೂತರೆ ಸಾಕು. ಹೀಗಿದ್ದೂ ಹೆಸರಾಂತ ಬ್ರ್ಯಾಂಡ್‌ಗಳ ಎಷ್ಟೋ ಮಳಿಗೆಗಳಲ್ಲಿ ಹ್ಯಾಂಗರ್‌ನ ಸಾಲು ಎಕ್ಸೆಲ್‌ಗೆ, ಹೆಚ್ಚೆಂದರೆ ಡಬಲ್ ಎಕ್ಸೆಲ್‌ಗೆ ಮುಗಿಯುತ್ತದೆ. ಅದರಾಚೆ ಏನಾದರೂ ಸಿಕ್ಕರೆ ಅದು ಕಪ್ಪು ಅಥವಾ ಕಡುನೀಲಿ, ಡೇರೆಯಂತೆ ಇಳಿಬಿದ್ದ ಕುರ್ತಾ. ದಪ್ಪಗಿರುವವರು ಬಣ್ಣ ಇಷ್ಟಪಡುವುದಿಲ್ಲ ಎಂದು ಯಾರು ತೀರ್ಮಾನಿಸಿದರೋ.

ಈ ಕೊರತೆಯ ಬೇರು ಇರುವುದು ಕತ್ತರಿ ಹಾಕುವ ಮೇಜಿನ ಮೇಲೆ. ಗಾರ್ಮೆಂಟ್ಸ್ ಉದ್ಯಮದಲ್ಲಿ ಮೊದಲು ಒಂದು ಅಳತೆಗೆ ಮಾದರಿ ಉಡುಪು ತಯಾರಾಗುತ್ತದೆ, ಸಾಮಾನ್ಯವಾಗಿ ಸಣ್ಣ ಅಥವಾ ಮಧ್ಯಮ ಮೈಕಟ್ಟಿಗೆ. ಉಳಿದ ಸೈಜುಗಳನ್ನು ಅದೇ ಪ್ಯಾಟರ್ನ್‌ಗೆ ಇಷ್ಟಿಷ್ಟು ಇಂಚು ಸೇರಿಸುತ್ತ ಬೆಳೆಸುತ್ತಾರೆ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಒಂದೆರಡು ಸೈಜಿನವರೆಗೆ ಈ ಲೆಕ್ಕ ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಏಕೆಂದರೆ ದೇಹ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಭುಜದ ಮೂಳೆ ಇದ್ದಷ್ಟೇ ಇರುತ್ತದೆ. ತೋಳು, ಎದೆ, ಹೊಟ್ಟೆ ತುಂಬಿಕೊಳ್ಳುತ್ತವೆ. ಬರೀ ಗ್ರೇಡಿಂಗ್ ನಂಬಿದ ಅಂಗಿ ಭುಜದಲ್ಲಿ ಜಾರುತ್ತದೆ, ತೋಳಲ್ಲಿ ಬಿಗಿಯುತ್ತದೆ, ಕಂಕುಳಲ್ಲಿ ಕೊರೆಯುತ್ತದೆ. ಅದೇ ಆರೋಗ್ಯ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಇಲ್ಲಿ ಗಮನಿಸಬೇಕು: ಸೊಂಟ ಮತ್ತು ನಿತಂಬದ ಸುತ್ತಳತೆಗಳ ಅನುಪಾತ ನೋಡಿದರೆ ದೇಶದ ಶೇ 56.7ರಷ್ಟು ಮಹಿಳೆಯರು ಅಪಾಯದ ಗೆರೆ ದಾಟಿದ್ದಾರೆ. ವೈದ್ಯರಿಗೆ ಅದು ಹೃದಯದ ಎಚ್ಚರಿಕೆ. ಬಟ್ಟೆ ಹೊಲಿಯುವವರಿಗೆ ಅದು ಬೇರೆಯದೇ ಸುದ್ದಿ: ಇಲ್ಲಿನ ಬಹುಪಾಲು ಹೆಂಗಸರ ನಡು ಪಾಶ್ಚಾತ್ಯ ಸೈಜ್ ಪಟ್ಟಿ ಊಹಿಸಿಕೊಂಡಷ್ಟು ಕಿರಿದಾಗಿಲ್ಲ. ದೊಡ್ಡ ಮೈಗೆ ಬೇರೆಯದೇ ಪ್ಯಾಟರ್ನ್ ಬರೆಯಬೇಕು, ಆ ಮೈಯ ಮೇಲೇ ತೊಡಿಸಿ ನೋಡಬೇಕು. ಆ ಖರ್ಚು ಬೇಡವೆನಿಸಿದ ಕಂಪನಿ ಸೈಜನ್ನೇ ಕೈಬಿಡುತ್ತದೆ.

ಕೌಶಲ ಇಲ್ಲ ಎನ್ನುವಂತೆಯೂ ಇಲ್ಲ. ಬೆಂಗಳೂರು ದೇಶದ ದೊಡ್ಡ ಸಿದ್ಧ ಉಡುಪು ರಫ್ತು ಕೇಂದ್ರಗಳಲ್ಲೊಂದು. ಇಲ್ಲಿನ ಹೊಲಿಗೆ ಸಾಲುಗಳಲ್ಲಿ ಕೂತ ಹೆಣ್ಣುಮಕ್ಕಳು ಅಮೆರಿಕ, ಯುರೋಪಿನ ಬ್ರ್ಯಾಂಡ್‌ಗಳು ಕಳಿಸಿದ ಅಳತೆಗೆ ಹೊಲಿದುಕೊಡುತ್ತಾರೆ. ಅಳತೆ ದೊಡ್ಡದಾದರೆ ಮಷಿನ್ ತಕರಾರು ಮಾಡುವುದಿಲ್ಲ. ತಕರಾರು ಇರುವುದು ಚಂದದ ಕಲ್ಪನೆಯನ್ನು ರೂಪಿಸುವವರ ಮಟ್ಟದಲ್ಲಿ. 2025ರ ಬೇಸಿಗೆ ಋತುವಿಗಾಗಿ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳಲ್ಲಿ ಪ್ರದರ್ಶನಗೊಂಡ ಉಡುಪುಗಳನ್ನು ಫ್ಯಾಷನ್ ಉದ್ಯಮದ ಪತ್ರಿಕೆ ವೋಗ್ ಬಿಸಿನೆಸ್ ಎಣಿಸಿದಾಗ, ಪ್ಲಸ್ ಸೈಜ್ ರೂಪದರ್ಶಿಗಳು ತೊಟ್ಟಿದ್ದವು ಶೇ 0.8 ಮಾತ್ರ. ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ 2017ರಲ್ಲಿ ವಸ್ತ್ರ ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಪ್ಲಸ್ ಸೈಜ್ ಪ್ರದರ್ಶನವೊಂದನ್ನು ರೂಪಿಸಿದ್ದರು. ಚಪ್ಪಾಳೆ ಬಿತ್ತು, ಮಳಿಗೆಗಳ ಹ್ಯಾಂಗರ್ ಸಾಲು ಮಾತ್ರ ಉದ್ದವಾಗಲಿಲ್ಲ.

ವ್ಯಾಪಾರಿಗಳ ಬಳಿ ಒಂದು ಗಟ್ಟಿ ಉತ್ತರವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದ ಉಡುಪು ಕಂಪನಿ ಓಲ್ಡ್ ನೇವಿ 2021ರ ಆಗಸ್ಟ್‌ನಲ್ಲಿ ತನ್ನೆಲ್ಲ ಮಳಿಗೆಗಳಲ್ಲಿ ಮಹಿಳೆಯರ ಉಡುಪನ್ನು 0ಯಿಂದ 28ರವರೆಗಿನ ಸೈಜುಗಳಲ್ಲಿ, ಒಂದೇ ಬೆಲೆಗೆ ಮಾರತೊಡಗಿತು. ವರ್ಷ ತುಂಬುವ ಮೊದಲೇ ಹಲವು ಮಳಿಗೆಗಳಲ್ಲಿ ಹಿಂದೆ ಸರಿಯಿತು. ಮಧ್ಯದ ಸೈಜುಗಳು ಖಾಲಿಯಾದವು, ಎರಡೂ ತುದಿಯವು ಉಳಿದವು, ರಿಯಾಯಿತಿಯಲ್ಲಿ ಕರಗಿಸಬೇಕಾಯಿತು. ನೋಡಿ, ಗಿರಾಕಿಯೇ ಇಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಕೇಳುವವರಿದ್ದಾರೆ. ಆದರೆ ಅಲ್ಲಿ ಎಡವಿದ್ದು ಎಲ್ಲಿ ಎಷ್ಟು ದಾಸ್ತಾನು ಇಡಬೇಕೆಂಬ ಅಂದಾಜು. ಹಾಗಾಗಿಯೇ ಕಂಪನಿ ಆನ್‌ಲೈನ್‌ನಲ್ಲಿ ಆ ಸೈಜುಗಳನ್ನು ಉಳಿಸಿಕೊಂಡಿತು. ದಶಕಗಳ ಕಾಲ ತನಗೆ ಬಟ್ಟೆ ಇಲ್ಲವೆಂದ ಅಂಗಡಿಗೆ ಗಿರಾಕಿ ಒಂದೇ ವರ್ಷದಲ್ಲಿ ಮರಳಿ ಬರಲಿ ಎಂದು ನಿರೀಕ್ಷಿಸುವುದೂ ಅತಿಯೇ. ಇನ್ನು ದೊಡ್ಡ ಸೈಜಿಗೆ ಬಟ್ಟೆ ಹೆಚ್ಚು ಬೇಕು ಎಂಬ ವಾದ. ಒಂದೇ ಅಂಗಿಯ ಸ್ಮಾಲ್‌ಗೂ ಎಕ್ಸೆಲ್‌ಗೂ ಬೆಲೆ ಒಂದೇ. ಸಣ್ಣ ಸೈಜಿನವರು ದೊಡ್ಡ ಸೈಜಿನವರ ಬಟ್ಟೆಗೆ ಈಗಲೂ ಚೂರುಪಾರು ಕೊಡುತ್ತಲೇ ಇದ್ದಾರೆ; ಅದರ ಬಗ್ಗೆ ಯಾರೂ ಗೊಣಗಿದ್ದಿಲ್ಲ.

ದೊಡ್ಡ ಸೈಜು ಮಾರಿದರೆ ಬೊಜ್ಜಿಗೆ ಪ್ರೋತ್ಸಾಹ ಕೊಟ್ಟಂತೆ ಎಂಬ ಆಕ್ಷೇಪ ಮೇಲ್ನೋಟಕ್ಕೆ ಕಾಳಜಿಯಂತೆ ಕೇಳಿಸುತ್ತದೆ. ಬಟ್ಟೆ ಸಿಗಲಿಲ್ಲವೆಂದು ಯಾರ ತೂಕವೂ ಇಳಿಯುವುದಿಲ್ಲ. ಬೆಳಿಗ್ಗೆ ನಡೆಯಿರಿ, ಈಜಿ, ಜಿಮ್‌ಗೆ ಹೋಗಿ ಎಂದು ಎಲ್ಲರೂ ಉಪದೇಶಿಸುವುದು ಯಾರಿಗೋ, ಅವರ ಅಳತೆಯ ಟ್ರ್ಯಾಕ್ ಪ್ಯಾಂಟ್, ಸ್ಪೋರ್ಟ್ಸ್ ಬ್ರಾ, ಈಜುಡುಗೆ ಸಿಗುವುದೇ ಎಲ್ಲಕ್ಕಿಂತ ಕಷ್ಟ. ಟೈಲರ್ ಇದ್ದಾನಲ್ಲ, ಸೀರೆ ಇದೆಯಲ್ಲ ಎನ್ನುವವರಿಗೂ ಉತ್ತರ ಸಿದ್ಧವಿದೆ. ಸೀರೆ ಯಾವ ಮೈಗೂ ಹೊಂದುತ್ತದೆ, ಒಪ್ಪೋಣ. ಒಳಗೆ ಬಟ್ಟೆ ಬಿಟ್ಟು ಹೊಲಿದು, ಬೇಕಾದಾಗ ಬಿಚ್ಚಿ ಸಡಿಲ ಮಾಡಿಕೊಡುವ ನಮ್ಮ ದರ್ಜಿಗಳ ಪದ್ಧತಿ ಯಾವ ಬ್ರ್ಯಾಂಡಿಗೂ ಇಲ್ಲದ ಜಾಣ್ಮೆ. ಆದರೆ ರೇನ್‌ಕೋಟು, ಜೀನ್ಸ್, ಒಳ ಉಡುಪುಗಳನ್ನು ಓಣಿಯ ಟೈಲರ್ ಹೊಲಿಯುವುದಿಲ್ಲ. ಹೊಲಿಗೆ ಕೂಲಿ ಎಷ್ಟೋ ಬಾರಿ ರೆಡಿಮೇಡ್ ಬೆಲೆಯನ್ನೇ ಮೀರುತ್ತದೆ. ಉಳಿದವರಿಗೆ ಅರ್ಧ ಗಂಟೆಯ ಕೆಲಸವಾದದ್ದು ಇವರಿಗೆ ಮಾತ್ರ ಎರಡು ವಾರದ ಕಾಯುವಿಕೆ ಏಕಾಗಬೇಕು?

ಭಾರತೀಯರ ಮೈಯನ್ನು ಅಳೆಯುವ ಕೆಲಸವನ್ನು ಕೇಂದ್ರ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೆತ್ತಿಕೊಂಡಿವೆ. ಇಂಡಿಯಾಸೈಜ್ ಎಂಬ ಆ ಸಮೀಕ್ಷೆಗೆ ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. 15ರಿಂದ 65 ವರ್ಷದ 25 ಸಾವಿರಕ್ಕೂ ಹೆಚ್ಚು ಜನರನ್ನು ತ್ರೀಡಿ ಸ್ಕ್ಯಾನರ್‌ನಿಂದ ಅಳೆಯುವುದು ಅದರ ಯೋಜನೆಯಾಗಿತ್ತು. ಹೀಗೆ ಸಾರ್ವಜನಿಕ ಹಣದಿಂದ ತಯಾರಾಗುವ ಸೈಜ್ ಪಟ್ಟಿ ಸಣ್ಣ ತಯಾರಕರಿಗೂ, ಊರಿನ ದರ್ಜಿಗಳಿಗೂ ಉಚಿತವಾಗಿ ಸಿಗಬೇಕು. ಸರಾಸರಿಯನ್ನಷ್ಟೇ ಹೇಳಿ ಮುಗಿಸದೆ, ದೊಡ್ಡ ಮೈಕಟ್ಟಿನವರ ಭುಜ, ತೋಳು, ಹೊಟ್ಟೆಯ ಅಳತೆಗಳನ್ನು ಅದು ಬಿಡಿಬಿಡಿಯಾಗಿ ಕೊಡಬೇಕು. ಪಟ್ಟಿ ಕೈಗೆ ಬಂದ ಮೇಲೂ ಬ್ರ್ಯಾಂಡ್‌ಗಳು ಡಬಲ್ ಎಕ್ಸೆಲ್‌ಗೇ ನಿಂತರೆ, ಅದಕ್ಕೆ ಅಜ್ಞಾನದ ನೆಪ ಹೇಳಲು ಸಾಧ್ಯವಾಗುವುದಿಲ್ಲ.